ಆಳಂದದ ತರಗತಿಯಿಂದ ವಿಶೇಷ ಶಿಕ್ಷಣದ ಪಾಠ

ಬಿ.ಇಡಿ. ಎರಡನೆಯ ವರ್ಷದ ಪ್ರಶಿಕ್ಷಣಾರ್ಥಿಯನ್ನು ಎದ್ದು ನಿಲ್ಲಿಸಿ, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಎಷ್ಟು ಬಗೆಯ ವೈಕಲ್ಯಗಳಿವೆ ಎಂದು ಕೇಳಿದರೆ ತಡವರಿಸದೆ 21 ಎನ್ನುತ್ತಾರೆ. ಪರೀಕ್ಷೆಗೆ ಬೀಳುವ ಪ್ರಶ್ನೆ ಅದು. 1995ರ ಹಳೆಯ ಕಾಯ್ದೆಯಲ್ಲಿ ಏಳೇ ಇದ್ದವು. ಈಗ ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ, ಸಿಕಲ್ ಸೆಲ್ ಕಾಯಿಲೆ, ಆಸಿಡ್ ದಾಳಿಗೆ ತುತ್ತಾದವರು ಎಲ್ಲ ಸೇರಿದ್ದಾರೆ ಎಂದು ಪಟ್ಟಿ ಒಪ್ಪಿಸುವುದೂ ಬರುತ್ತದೆ. ಅದೇ ವಿದ್ಯಾರ್ಥಿಗೆ ಎರಡನೆಯ ಪ್ರಶ್ನೆ: ನೀವು ಇಂಟರ್ನ್‌ಶಿಪ್‌ಗೆ ಹೋದ ಶಾಲೆಯ ಎರಡನೇ ತರಗತಿಯಲ್ಲಿ ಒಬ್ಬ ಹುಡುಗಿ ಜೂನ್‌ನಿಂದ ಬಾಯೇ ಬಿಟ್ಟಿಲ್ಲ. ಸೋಮವಾರ ಬೆಳಿಗ್ಗೆ ಏನು ಮಾಡುತ್ತೀರಿ? ಯಾರಿಗೆ ಹೇಳುತ್ತೀರಿ? ಏನನ್ನು ಬರೆದಿಡುತ್ತೀರಿ? ಇಲ್ಲಿಗೆ ಉತ್ತರ ನಿಂತುಹೋಗುತ್ತದೆ.

ಈ ಉಪನ್ಯಾಸ ಆ ಎರಡನೆಯ ಪ್ರಶ್ನೆಯ ಬೆನ್ನು ಹತ್ತಿದೆ. ನಾಳೆ ಶಿಕ್ಷಕರಾಗುವವರಿಗೆ ವೈಕಲ್ಯಗಳ ಹೆಸರು ಕಲಿಸುವುದು ಸುಲಭ. ಒಂದು ಮಗುವನ್ನು ಗಮನಿಸುವುದರಿಂದ ಶುರುವಾಗಿ ತಪಾಸಣೆ, ಪ್ರಮಾಣಪತ್ರ, ವೈಯಕ್ತಿಕ ಶೈಕ್ಷಣಿಕ ಯೋಜನೆ, ಪರೀಕ್ಷೆಯ ರಿಯಾಯಿತಿಯವರೆಗೆ ಸಾಗುವ ಪ್ರಕ್ರಿಯೆಯನ್ನು ಕೈಹಿಡಿದು ಕಲಿಸುವುದು ಕಷ್ಟ. ಆದರೆ ಶಾಲೆಗೆ ಬೇಕಾದದ್ದು ಆ ಕಷ್ಟದ ಭಾಗವೇ.

ಮಾತನ್ನು ಮಟಕಿಯ ಸೀಮೆಗೆ ತರುವುದಕ್ಕೆ ಕಾರಣವಿದೆ. ಮಟಕಿ ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಊರು. ತಾಲ್ಲೂಕಿನ ಗಡಿ ದಾಟಿದರೆ ಮಹಾರಾಷ್ಟ್ರದ ಉಮರ್ಗಾ, ಅಕ್ಕಲಕೋಟ. ದಕ್ಷಿಣಕ್ಕೆ ಇಳಿದರೆ ಭೀಮಾ ತೀರದ ಅಫಜಲಪುರ, ಅದರ ಮಗ್ಗುಲಿಗೆ ಜೇವರ್ಗಿ. ತೊಗರಿಯ ನಾಡು, ನೀರಿದ್ದ ಕಡೆ ಕಬ್ಬು. ಇಲ್ಲಿನ ಸರ್ಕಾರಿ ಶಾಲೆಯ ಒಂದೇ ಕೋಣೆಯಲ್ಲಿ ಮನೆಯಲ್ಲಿ ಕನ್ನಡ ಆಡುವ ಹುಡುಗ, ದಖನಿ ಆಡುವ ಹುಡುಗಿ, ಮರಾಠಿ ಆಡುವ ಮಗು, ತಾಂಡಾದಿಂದ ಬರುವ ಲಂಬಾಣಿ ಮಗು ಒಟ್ಟಿಗೆ ಕೂತಿರುತ್ತಾರೆ. ಸುಗ್ಗಿ ಮುಗಿದ ಮೇಲೆ, ಕೆಲವೊಮ್ಮೆ ಅದಕ್ಕೂ ಮೊದಲೇ, ಕೆಲವು ಮನೆಗಳಿಗೆ ಬೀಗ ಬಿದ್ದು ಅಪ್ಪ ಅವ್ವನ ಜತೆ ಮಕ್ಕಳೂ ಗುಳೆ ಹೋಗುತ್ತಾರೆ. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದೂ ಇದೇ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ. ವಿಶೇಷ ಶಿಕ್ಷಣದ ಪಠ್ಯಪುಸ್ತಕಗಳು ಕಲ್ಪಿಸಿಕೊಳ್ಳುವ ತರಗತಿಯಲ್ಲಿ ಒಂದೇ ಭಾಷೆ ಇರುತ್ತದೆ, ಹಾಜರಿ ತಪ್ಪುವುದಿಲ್ಲ. ಆಳಂದದ ತರಗತಿ ಹಾಗಿಲ್ಲ. ಹಾಗಿಲ್ಲದ್ದರಿಂದಲೇ ಪ್ರಕ್ರಿಯೆಯ ಮೊದಲ ಮೆಟ್ಟಿಲು ಇಲ್ಲಿ ಎಲ್ಲಕ್ಕಿಂತ ಕಠಿಣ.

ಬಾಯಿ ಬಿಡದ ಆ ಹುಡುಗಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ನಿಜವಾದ ಒಂದು ಮಗುವಲ್ಲ, ಈ ಭಾಗದ ಯಾವ ಶಾಲೆಯಲ್ಲಾದರೂ ಸಿಗಬಹುದಾದ ಮಗು. ಮೂರು ತಿಂಗಳಾದರೂ ಅಕ್ಷರ ಹೇಳುವುದಿಲ್ಲ, ಹೆಸರು ಕರೆದರೆ ಕೆಲವು ಸಲ ಓಗೊಡುವುದಿಲ್ಲ, ಸ್ಲೇಟಿನ ಮೇಲೆ ಗೀಚುತ್ತ ಕೂರುತ್ತಾಳೆ. ಶಿಕ್ಷಕರ ಕೊಠಡಿಯಲ್ಲಿ ಅವಳಿಗೆ ಆಗಲೇ ಒಂದು ಹೆಸರು ಬಿದ್ದಿರುತ್ತದೆ. ಸಂತೆಯ ದಿನ ತಾಯಿ ಶಾಲೆಯ ಬಾಗಿಲಿಗೆ ಬಂದಾಗ ಮಾತು ಹೀಗೆ ಸಾಗಬಹುದು:

“ಮನ್ಯಾಗ ಭಾಳ ಮಾತಾಡ್ತಾಳ್ರಿ ಸರ. ತಮ್ಮನ ಜೋಡಿ ಜಗಳಾನೂ ತೆಗಿತಾಳ. ಸಾಲ್ಯಾಗ ಯಾಕ ಸುಮ್ನಿರ್ತಾಳೋ ಗೊತ್ತಿಲ್ರಿ.”

“ಮನ್ಯಾಗ ಯಾವ ಭಾಷಾದಾಗ ಮಾತಾಡ್ತಾಳವ್ವ?”

“ನಮ್ಮ ಲಂಬಾಣ್ಯಾಗೇ ರೀ. ಕನ್ನಡ ಈಗೀಗ ಕಲ್ಯಾಕತ್ತಾಳ.”

“ಕಿವಿ ಗಿವಿ ಸೋರಿದ್ದೇನರ ಐತೇನು?”

“ಸಣ್ಣಾಕಿ ಇದ್ದಾಗ ಒಂದ ಕಿವಿ ಸೋರ್ತಿತ್ರಿ. ಎಣ್ಣಿ ಹಾಕಿದ್ವಿ.”

ನಾಲ್ಕು ಮಾತಿನಲ್ಲಿ ಎರಡು ದಾರಿ ತೆರೆದವು. ಒಂದು ಭಾಷೆಯದು, ಇನ್ನೊಂದು ಕಿವಿಯದು. ಮನೆಯಲ್ಲಿ ಜಗಳ ತೆಗೆಯುವಷ್ಟು ಮಾತು ಬಲ್ಲ ಮಗು ಶಾಲೆಯಲ್ಲಿ ಸುಮ್ಮನಿದ್ದರೆ ಅದಕ್ಕೆ ಶಾಲೆಯ ಭಾಷೆ ಇನ್ನೂ ಒಗ್ಗಿಲ್ಲದಿರಬಹುದು. ಸೋರುವ ಕಿವಿಯಿಂದ ಅರ್ಧಂಬರ್ಧ ಕೇಳಿಸುತ್ತಿರಬಹುದು. ಎರಡೂ ಸೇರಿರಬಹುದು. ಇವೆರಡೂ ಅಲ್ಲದೆ ಬೌದ್ಧಿಕ ವೈಕಲ್ಯವೋ ಆಟಿಸಮ್ಮೋ ಇದ್ದೀತು. ಹಿಂದಿನ ವರ್ಷ ಗುಳೆಯಲ್ಲಿ ನಾಲ್ಕು ತಿಂಗಳು ಕಳೆದದ್ದೂ ಕಾರಣವಾದೀತು. ಪ್ರಶಿಕ್ಷಣಾರ್ಥಿ ಕಲಿಯಬೇಕಾದದ್ದು ಇವುಗಳಲ್ಲಿ ಒಂದನ್ನು ಆರಿಸಿ ತೀರ್ಪು ಕೊಡುವುದನ್ನಲ್ಲ. ಆ ಅಧಿಕಾರ ಅವರಿಗಿಲ್ಲ, ಇರಲೂ ಬಾರದು. ತೀರ್ಪು ಕೊಡುವವರ ಮುಂದೆ ಇಡಬಹುದಾದಂಥ ಟಿಪ್ಪಣಿ ಬರೆಯುವುದನ್ನು ಅವರು ಕಲಿಯಬೇಕು.

ಟಿಪ್ಪಣಿ ಎಂದರೆ “ಮಗು ಮಂದವಾಗಿದೆ, ಪಾಠದಲ್ಲಿ ಆಸಕ್ತಿ ಇಲ್ಲ” ಎಂಬ ಒಂದು ಸಾಲಲ್ಲ. ಹೀಗಿರಬೇಕು: ಗುರುವಾರ 11.20ಕ್ಕೆ ಬಲಗಡೆಯಿಂದ, ಅವಳಿಗೆ ಕಾಣದಂತೆ ನಿಂತು ಹೆಸರು ಕರೆದಾಗ ತಿರುಗಿದಳು. ಎಡಗಡೆಯಿಂದ ಅದೇ ದನಿಯಲ್ಲಿ ಕರೆದಾಗ ತಿರುಗಲಿಲ್ಲ. ಬಿಸಿಯೂಟದ ಗಂಟೆ ಬಾರಿಸಿದಾಗ ಎದ್ದಳು. ಇಲ್ಲಿ ಒಳ್ಳೆಯ ಉಪನ್ಯಾಸಕರು ತಡೆದು ಕೇಳಬೇಕು: ಗಂಟೆ ಕೇಳಿ ಎದ್ದಳೋ, ಪಕ್ಕದವರು ತಟ್ಟೆ ಹಿಡಿದು ಎದ್ದದ್ದನ್ನು ನೋಡಿ ಎದ್ದಳೋ? ಮರುದಿನ ಮತ್ತೆ ನೋಡಬೇಕಾಗುತ್ತದೆ. ಆಟದ ಮೈದಾನದಲ್ಲಿ ತಾಂಡಾದ ಗೆಳತಿಯ ಜತೆ ಏನಾಡಿದಳು, ಕುಂಟಾಬಿಲ್ಲೆಯ ಸರದಿ ನೆನಪಿಟ್ಟಳೇ, ಚಿತ್ರ ತೋರಿಸಿ ಲಂಬಾಣಿಯಲ್ಲಿ ಕೇಳಿಸಿದಾಗ ಉತ್ತರ ಹೇಳಿದಳೇ. ಎರಡು ವಾರ ಹೀಗೆ ಬರೆದರೆ ಹಾಳೆ ತಾನೇ ಮಾತಾಡತೊಡಗುತ್ತದೆ.

ಭಾಷೆಯ ವಿಷಯದಲ್ಲಿ ಅವಸರಪಟ್ಟರೆ ಏನಾಗುತ್ತದೆ ಎಂಬುದಕ್ಕೆ ದೂರದ ಒಂದು ಮೊಕದ್ದಮೆ ಸಾಕ್ಷಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊಲಗೆಲಸದ ಮೆಕ್ಸಿಕನ್ ಮೂಲದ ಕುಟುಂಬಗಳ ಒಂಬತ್ತು ಮಕ್ಕಳನ್ನು ಇಂಗ್ಲಿಷಿನ ಬುದ್ಧಿಮಾಪನ ಪರೀಕ್ಷೆಯ ಆಧಾರದ ಮೇಲೆ ಬುದ್ಧಿಮಾಂದ್ಯ ಮಕ್ಕಳ ತರಗತಿಗೆ ಹಾಕಿದ್ದರು. ಸ್ಪ್ಯಾನಿಷ್ ಬಲ್ಲವರು ಮತ್ತೆ ಪರೀಕ್ಷಿಸಿದಾಗ ಬಹುತೇಕ ಮಕ್ಕಳು ಆ ತರಗತಿಗೆ ಸೇರಬೇಕಾದವರೇ ಅಲ್ಲ ಎಂದು ತಿಳಿಯಿತು. ಡಯಾನಾ ಮೊಕದ್ದಮೆ ಎಂದೇ ಹೆಸರಾದ ಅದು 1970ರಲ್ಲಿ ರಾಜಿಯಲ್ಲಿ ಮುಗಿಯಿತು. ಮಗುವಿನ ಮನೆಮಾತಿನಲ್ಲೂ ಪರೀಕ್ಷಿಸಬೇಕೆಂದು ರಾಜ್ಯ ಒಪ್ಪಿಕೊಂಡಿತು. 1975ರಲ್ಲಿ ಬಂದ ಅಲ್ಲಿನ ಕೇಂದ್ರ ಕಾನೂನು ಅದನ್ನು ದೇಶಕ್ಕೆಲ್ಲ ಅನ್ವಯಿಸಿತು. ಇಂದು ಜಗತ್ತಿನಾದ್ಯಂತ ಐ.ಇ.ಪಿ. ಎಂದು ಕರೆಯುವ ವೈಯಕ್ತಿಕ ಶೈಕ್ಷಣಿಕ ಯೋಜನೆ ಕಡ್ಡಾಯವಾದದ್ದೂ ಅದೇ ಕಾನೂನಿನಿಂದ. ಹೊಲಗೆಲಸ, ವಲಸೆ, ಮನೆಯೊಂದು ಭಾಷೆ ಶಾಲೆಯೊಂದು ಭಾಷೆ: ಅಫಜಲಪುರದ ಪ್ರಶಿಕ್ಷಣಾರ್ಥಿಗೆ ಈ ಕತೆಯಲ್ಲಿ ಪರಕೀಯವಾದದ್ದು ಹೆಚ್ಚೇನೂ ಇಲ್ಲ.

ಕನ್ನಡ ಲಿಪಿಗೆ ಸಂಬಂಧಿಸಿದ್ದೂ ಒಂದಿದೆ. ಬೆಂಗಳೂರಿನ ಸೋನಾಲಿ ನಾಗ್ ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡ ಅಕ್ಷರ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯುವ ಕೆಲಸವಲ್ಲ ಎಂದು ತೋರಿಸಿತು. ಇಂಗ್ಲಿಷಿನ 26 ಅಕ್ಷರ ಕಲಿತಂತೆ ಇದಲ್ಲ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ರೂಪಗಳು. ಮೂರು, ನಾಲ್ಕನೇ ತರಗತಿಯಲ್ಲೂ ಕಲಿಕೆ ನಡೆದೇ ಇರುತ್ತದೆ. ಹಾಗಾಗಿ ಎರಡನೇ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದ ಮಾತ್ರಕ್ಕೆ ಡಿಸ್‌ಲೆಕ್ಸಿಯಾ ಎಂದು ಹಣೆಪಟ್ಟಿ ಹಚ್ಚಲಾಗದು. 2007ರಲ್ಲೇ ಬಂದ ‘ತಾರೇ ಜಮೀನ್ ಪರ್’ ನೋಡಿದ ಮೇಲೆ ಅಕ್ಷರ ತಿರುಗಿಸಿ ಬರೆಯುವ ಪ್ರತಿ ಮಗುವಿನಲ್ಲೂ ಅದನ್ನು ಕಾಣುವ ಉತ್ಸಾಹ ಹಲವು ಶಿಕ್ಷಕರಿಗೆ ಬಂತು. ಸಿನಿಮಾ ಮಾಡಿದ ಉಪಕಾರ ದೊಡ್ಡದು, ಆದರೆ ತಪಾಸಣೆಯ ಉಪಕರಣ ಅದಲ್ಲ. 2018ರ ಕೇಂದ್ರದ ಮಾರ್ಗಸೂಚಿಯಂತೂ ಮಗುವಿಗೆ 8 ವರ್ಷವಾಗುವ ತನಕ ಕಲಿಕಾ ನ್ಯೂನತೆಯ ಪ್ರಮಾಣಪತ್ರ ಕೊಡುವಂತಿಲ್ಲ ಎಂದಿತು. 14 ಮತ್ತು 18ರಲ್ಲಿ ಮತ್ತೆ ಪರೀಕ್ಷಿಸಬೇಕೆಂದೂ ಅದು ಹೇಳಿತು. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ ‘ಡಾಲಿ’ ಎಂಬ ಡಿಸ್‌ಲೆಕ್ಸಿಯಾ ತಪಾಸಣೆಯ ಉಪಕರಣದ ಮೊದಲ ನಾಲ್ಕು ಭಾಷೆಗಳಲ್ಲಿ ಹಿಂದಿ, ಇಂಗ್ಲಿಷ್ ಜತೆ ಕನ್ನಡವೂ ಮರಾಠಿಯೂ ಇದ್ದವು. ಗಡಿಭಾಗಕ್ಕೆ ಅದು ಒಳ್ಳೆಯ ಸುದ್ದಿ. ಆ ನಾಲ್ಕರಲ್ಲಿ ಲಂಬಾಣಿ ಇರಲಿಲ್ಲ, ದಖನಿಯೂ ಇರಲಿಲ್ಲ.

ಇನ್ನು ಆ ಟಿಪ್ಪಣಿಯ ಹಾಳೆ ಎಲ್ಲಿಗೆ ಹೋಗುತ್ತದೆ? ತರಗತಿ ಶಿಕ್ಷಕರಿಂದ ಮುಖ್ಯೋಪಾಧ್ಯಾಯರಿಗೆ. ಅವರು ಎನ್.ಸಿ.ಇ.ಆರ್.ಟಿ. 2022ರಲ್ಲಿ ತಂದ ‘ಪ್ರಶಸ್ತ್’ ತಪಾಸಣಾ ಪಟ್ಟಿಯ ಮೊದಲ ಭಾಗವನ್ನು ತರಗತಿ ಶಿಕ್ಷಕರಿಂದ ತುಂಬಿಸುತ್ತಾರೆ; ಎರಡನೆಯ ಭಾಗ ವಿಶೇಷ ಶಿಕ್ಷಕರದು. ಅಲ್ಲಿಂದ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ, ಅಂದರೆ ಬಿ.ಆರ್.ಸಿ.ಗೆ. ಅಲ್ಲಿರುವ ಬಿ.ಐ.ಇ.ಆರ್.ಟಿ.ಗಳು, ಎಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಮಗುವನ್ನು ಬಂದು ನೋಡುತ್ತಾರೆ, ತಪಾಸಣಾ ಶಿಬಿರಕ್ಕೆ ಹೆಸರು ಬರೆಯುತ್ತಾರೆ. ಇನ್ನೊಂದು ದಾರಿ ಆರೋಗ್ಯ ಇಲಾಖೆಯದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ಎರಡು ಸಲ ಬರಬೇಕು. ಸೋರುವ ಕಿವಿಯನ್ನು ಅವರಿಗೆ ತೋರಿಸಿದರೆ ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಚೀಟಿ ಬರೆಯುತ್ತಾರೆ. ಚೀಟಿ ಬರೆಯುವುದು ಸುಲಭ. ತಾಯಿ ಒಂದು ದಿನದ ಕೂಲಿ ಬಿಟ್ಟು ಕಲಬುರಗಿಯ ಬಸ್ಸು ಹತ್ತಬೇಕು, ಅವತ್ತೇ ಆ ವೈದ್ಯರು ಸಿಗಬೇಕು. ಸಿಗದಿದ್ದರೆ ಇನ್ನೊಂದು ದಿನದ ಕೂಲಿ. ಕಾಲೇಜಿನ ಗೋಡೆಗೆ ಅಂಟಿಸಿದ ಪ್ರಕ್ರಿಯೆಯ ನಕ್ಷೆಯಲ್ಲಿ ಎರಡು ಚೌಕಗಳ ನಡುವೆ ಬಾಣದ ಗುರುತೊಂದಿರುತ್ತದೆ. ಆ ಬಾಣದ ಉದ್ದ ಜೇವರ್ಗಿಯಿಂದ ಕಲಬುರಗಿಗೆ ಸುಮಾರು 40 ಕಿಲೋಮೀಟರ್ ಎಂದು ಯಾರೂ ಬರೆದಿರುವುದಿಲ್ಲ.

ಈ ನಡುವೆ ಪಠ್ಯದಲ್ಲಿ ಅಪರೂಪಕ್ಕೆ ಕಾಣುವ ಒಬ್ಬರಿದ್ದಾರೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಊರವರು ವಿ.ಆರ್.ಡಬ್ಲ್ಯೂ. ಎಂದೇ ಕರೆಯುತ್ತಾರೆ. ಅವರೂ ಅಂಗವಿಕಲರೇ. ಅಂಗವಿಕಲರ ಯು.ಡಿ.ಐ.ಡಿ. ಗುರುತಿನ ಕಾರ್ಡಿನ ಅರ್ಜಿ, ಮಾಸಾಶನ, ಆಸ್ಪತ್ರೆಯ ಯಾವ ದಿನ ಯಾವ ವೈದ್ಯರು ಎಂಬುದೆಲ್ಲ ಅವರಿಗೆ ಬಾಯಿಪಾಠ. ಪ್ರಶಿಕ್ಷಣಾರ್ಥಿಗಳು ಇಂಟರ್ನ್‌ಶಿಪ್‌ನ ಮೊದಲ ವಾರ ಅವರೊಂದಿಗೆ ಅರ್ಧ ದಿನ ಊರು ಸುತ್ತಿದರೆ ಕಾಲೇಜಿನ ಕೋಣೆಯಲ್ಲಿ ಸಿಗದ ಎಷ್ಟೋ ವಿಷಯ ತಿಳಿಯುತ್ತದೆ. ಶಾಲೆಯ ಹಾಜರಿ ಪುಸ್ತಕದಲ್ಲೇ ಇಲ್ಲದ ಮಕ್ಕಳು ಯಾವ ಮನೆಯಲ್ಲಿದ್ದಾರೆ ಎಂಬುದೂ ಆಗ ಗೊತ್ತಾಗುತ್ತದೆ.

ಒಂದು ಕಾಲಕ್ಕೆ ಶಾಲೆಯ ಶಿಕ್ಷಕರಿಗೆ ಇದ್ಯಾವುದೂ ಬೇಕಿರಲಿಲ್ಲ. ಇಂಥ ಮಕ್ಕಳಿಗೆ ಬೇರೆಯೇ ಜಾಗ ಇತ್ತು, ಇದ್ದರೆ. ಮೈಸೂರಿನಲ್ಲಿ ಅಂಧ ಮತ್ತು ಕಿವುಡ ಮಕ್ಕಳ ಶಾಲೆ 1901ರಲ್ಲೇ ಆರಂಭವಾಯಿತು. ಉತ್ತರ ಕರ್ನಾಟಕಕ್ಕೆ ಹತ್ತಿರದ ಹೆಸರು ಗದುಗಿನ ವೀರೇಶ್ವರ ಪುಣ್ಯಾಶ್ರಮ. ಸ್ವತಃ ಅಂಧರಾದ ಪಂಚಾಕ್ಷರಿ ಗವಾಯಿಗಳು, 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು, ನೂರಾರು ಅಂಧ ಮಕ್ಕಳಿಗೆ ಅನ್ನವಿಟ್ಟು ಸಂಗೀತ ಕಲಿಸಿದರು. ಕಣ್ಣಿಲ್ಲದ ಮಗು ಮನೆಗೆ ಭಾರ ಎಂದು ತಿಳಿದಿದ್ದ ಕಾಲದಲ್ಲಿ ಅದು ಬದುಕು ಕೊಡುವ ಕೆಲಸವಾಗಿತ್ತು. ಪುಟ್ಟರಾಜರು ಎಳೆಯ ಶಿಷ್ಯನ ಬೆರಳು ಹಿಡಿದು ಹಾರ್ಮೋನಿಯಂ ಮನೆಗಳ ಮೇಲಿಡುವ ಪಾಠಕ್ರಮವನ್ನು ಯಾವ ತರಬೇತಿ ಸಂಸ್ಥೆಯೂ ಅವರಿಗೆ ಕಲಿಸಿರಲಿಲ್ಲ. ಕಲಬುರಗಿಯಲ್ಲೂ ಸರ್ಕಾರದ ಅಂಧ ಮಕ್ಕಳ ಶಾಲೆ, ಕಿವುಡ ಮಕ್ಕಳ ಶಾಲೆ ಎರಡೂ ಇವೆ.

ಆದರೆ ಎಲ್ಲ ಅಂಧ ಮಕ್ಕಳಿಗೂ ಸ್ವರಜ್ಞಾನವಿರಬೇಕೆಂದಿಲ್ಲ, ಎಲ್ಲ ತಾಯಂದಿರೂ ಆರು ವರ್ಷದ ಮಗುವನ್ನು ದೂರದ ಊರಿಗೆ ಕಳಿಸಲು ಒಪ್ಪುವುದಿಲ್ಲ. 1974ರ ಸಮನ್ವಯ ಶಿಕ್ಷಣ ಯೋಜನೆಯಿಂದ ಶುರುವಾದ ನಡಿಗೆ, ಸಮನ್ವಯ ಶಿಕ್ಷಣ ಕುರಿತ 1994ರ ಸಲಮಾಂಕಾ ಘೋಷಣೆ, ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ, ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಾದ ತಿದ್ದುಪಡಿ ಇವೆಲ್ಲ ದಾಟಿ 2016ರ ಕಾಯ್ದೆಗೆ ಬಂದು ನಿಂತಿತು. ಶೇಕಡ 40 ಅಥವಾ ಹೆಚ್ಚು ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣ. ಅದು ನೆರೆಹೊರೆಯ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಎಂಬ ಆಯ್ಕೆ ಮಗುವಿನ ಕಡೆಯವರದು. ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ಮಾಡಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಇದರ ಅರ್ಥ ಸರಳ: ಗದುಗಿಗೋ ಮೈಸೂರಿಗೋ ಹೋಗುತ್ತಿದ್ದ, ಅಥವಾ ಎಲ್ಲಿಗೂ ಹೋಗದೆ ಪಡಸಾಲೆಯಲ್ಲೇ ಉಳಿಯುತ್ತಿದ್ದ ಮಗು ಈಗ ಮಟಕಿಯ ಶಾಲೆಯ ಬಾಗಿಲಿಗೆ ಬರುತ್ತದೆ.

ಬಂದ ಮಗುವಿಗೆ ಎದುರಾಗುವ ಶಿಕ್ಷಕರ ತಯಾರಿ ಎಷ್ಟು? ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಪರಿಷತ್ತು 2014ರಲ್ಲಿ ಎರಡು ವರ್ಷದ ಬಿ.ಇಡಿ.ಗೆ ರೂಪಿಸಿದ ಚೌಕಟ್ಟಿನಲ್ಲಿ ಸಮನ್ವಯ ಶಾಲೆ ಕಟ್ಟುವ ವಿಷಯ ಇದೆ, ಅರ್ಧ ಪತ್ರಿಕೆಯಾಗಿ. ಡಿ.ಎಲ್.ಇಡಿ.ಯಲ್ಲಿ ವೈವಿಧ್ಯ, ಲಿಂಗತ್ವದ ಜತೆ ಅದೇ ಪತ್ರಿಕೆಯಲ್ಲಿ ಹಂಚಿಕೊಂಡು ಕೂತಿದೆ. ಇತ್ತ ವಿಶೇಷ ಶಿಕ್ಷಕರನ್ನು ತಯಾರಿಸುವ ಕೋರ್ಸುಗಳು 1992ರ ಕಾಯ್ದೆಯಡಿ ರಚನೆಯಾದ ಭಾರತೀಯ ಪುನರ್ವಸತಿ ಪರಿಷತ್ತಿನ ಕೈಯಲ್ಲಿ. ಅವು ಬಹುಮಟ್ಟಿಗೆ ಒಂದೊಂದು ವೈಕಲ್ಯಕ್ಕೆ ಒಂದೊಂದು: ಶ್ರವಣ ದೋಷಕ್ಕೆ ಒಂದು, ದೃಷ್ಟಿ ದೋಷಕ್ಕೆ ಇನ್ನೊಂದು, ಬೌದ್ಧಿಕ ವೈಕಲ್ಯಕ್ಕೆ ಮತ್ತೊಂದು. 1960ರ ದಶಕದಿಂದ ಮೈಸೂರಿನಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತು ಬಂದ ವಿಶೇಷ ಶಿಕ್ಷಕಿಯ ಪರಿಣತಿ ಕಿವಿ ಮತ್ತು ಮಾತಿನದು. ತಾಲ್ಲೂಕಿಗೆ ಬಂದ ಮೇಲೆ ಅವರೇ ಬ್ರೈಲ್‌ಗೂ ಬೇಕು, ಸೆರಿಬ್ರಲ್ ಪಾಲ್ಸಿಯ ಮಗುವನ್ನು ಕೂರಿಸುವ ಕುರ್ಚಿಗೂ ಬೇಕು, ಆಟಿಸಮ್ಮಿಗೂ ಬೇಕು. ಸಾಮಾನ್ಯ ಶಿಕ್ಷಕರಿಗೆ ಎಲ್ಲದರಲ್ಲೂ ಚೂರುಚೂರು, ವಿಶೇಷ ಶಿಕ್ಷಕರಿಗೆ ಒಂದರಲ್ಲಿ ಪೂರಾ. ಇಬ್ಬರೂ ಒಂದೇ ಮಗುವಿನ ಬಗ್ಗೆ ಕೂತು ಮಾತಾಡುವ ಅಭ್ಯಾಸ ಮಾತ್ರ ಯಾವ ಕೋರ್ಸಿನಲ್ಲೂ ಇಲ್ಲ.

ವಿಶೇಷ ಶಿಕ್ಷಕರ ಸಂಖ್ಯೆಯ ಮಾತು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್ 28ರಂದು ಬಂದ ತೀರ್ಪು, ಸಾಮಾನ್ಯ ಶಾಲೆಗಳಿಗೆ ವಿಶೇಷ ಶಿಕ್ಷಕರ ಪ್ರಮಾಣವನ್ನು ನಿಗದಿ ಮಾಡುವಂತೆ ಕೇಂದ್ರ ಸರ್ಕಾರಕ್ಕೆ ಹೇಳಿತು. ಅದರಂತೆ ಪ್ರಾಥಮಿಕ ಹಂತಕ್ಕೆ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬ, ಮೇಲಿನ ಹಂತಕ್ಕೆ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕೆಂದು ಕೇಂದ್ರ 2022ರಲ್ಲಿ ನಿಗದಿ ಮಾಡಿತು. ಕಾಯಂ ಹುದ್ದೆ ಸೃಷ್ಟಿಸಬೇಕೆಂದು ರಾಜ್ಯಗಳಿಗೆ 2025ರ ಮಾರ್ಚ್‌ನಲ್ಲಿ ನ್ಯಾಯಾಲಯ ಮತ್ತೆ ಹೇಳಬೇಕಾಯಿತು. ಆ ಶಿಕ್ಷಕರೆಲ್ಲ ಬಂದು ಸೇರುವ ತನಕ, ಸೇರಿದ ಮೇಲೂ, ಮಗು ದಿನದ ಹೆಚ್ಚು ಹೊತ್ತು ಕೂರುವುದು ಸಾಮಾನ್ಯ ಶಿಕ್ಷಕರ ಮುಂದೆಯೇ.

ಹಾಗಾದರೆ ಅವರಿಗೆ ಐ.ಇ.ಪಿ. ಕಲಿಸುವುದು ಹೇಗೆ? ಇದಕ್ಕೆ ಕರ್ನಾಟಕದಲ್ಲಿ ಸಿದ್ಧ ಮೆಟ್ಟಿಲೊಂದಿದೆ, ತರಬೇತಿ ಕಾಲೇಜುಗಳು ಅದನ್ನು ಈ ಕೆಲಸಕ್ಕೆ ಬಳಸದಿರುವುದು ಆಶ್ಚರ್ಯ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ. ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಿಕ್ಷಕರೇ ಕಟ್ಟಿದ ಪದ್ಧತಿ ಅದು. ಕಲಿಕಾ ಏಣಿ, ಅದರಲ್ಲಿ ಮೈಲಿಗಲ್ಲುಗಳು; ಪ್ರತಿ ಮಗು ತಾನು ನಿಂತ ಮೆಟ್ಟಿಲಿನಿಂದ ಮುಂದಕ್ಕೆ ಹತ್ತುತ್ತದೆ. ನಾಲ್ಕು ದಿನ ಶಾಲೆ ತಪ್ಪಿಸಿದ ಮಗು ಬಿಟ್ಟ ಜಾಗದಿಂದಲೇ ಹಿಡಿಯುತ್ತದೆ. ಶಿಕ್ಷಕರ ಪೂರ್ಣ ನೆರವು ಬೇಕಾದವರು ಒಂದು ಗುಂಪು, ಭಾಗಶಃ ಬೇಕಾದವರು ಒಂದು, ಗೆಳೆಯರ ನೆರವಿನಿಂದ ಕಲಿಯುವವರು, ತಾವೇ ಕಲಿಯುವವರು ಹೀಗೆ ‘ತಟ್ಟೆ’ಗಳೆಂಬ ಗುಂಪುಗಳು. ಐ.ಇ.ಪಿ. ಎಂಬುದು ಒಂದು ಮಗುವಿಗಾಗಿ ಬರೆದ ಏಣಿ, ಅಷ್ಟೇ. ಮಗು ಈಗ ಎಲ್ಲಿದೆ, ಮುಂದಿನ ಮೆಟ್ಟಿಲು ಯಾವುದು, ಅಲ್ಲಿಗೆ ಯಾರ ನೆರವು, ಎಷ್ಟು ದಿನದಲ್ಲಿ, ಹತ್ತಿತೆಂದು ತಿಳಿಯುವುದು ಹೇಗೆ. ನಲಿ-ಕಲಿ ಬಲ್ಲ ಶಿಕ್ಷಕರಿಗೆ ಇದರಲ್ಲಿ ಹೆದರುವಂಥದ್ದಿಲ್ಲ.

ಬರವಣಿಗೆಯಲ್ಲಿ ಮಾತ್ರ ಬಿಗಿ ಬೇಕು. ಪ್ರಶಿಕ್ಷಣಾರ್ಥಿಗಳು ಮೊದಲು ಬರೆಯುವ ಗುರಿ ಬಹಳ ಸಲ ಹೀಗಿರುತ್ತದೆ: “ಮಗುವಿನ ಭಾಷಾ ಸಾಮರ್ಥ್ಯವನ್ನು ಅಭಿವೃದ್ಧಿಪಡಿಸುವುದು.” ಇದನ್ನು ಯಾವ ಮಗುವಿಗೂ ಬರೆಯಬಹುದು, ಹಾಗಾಗಿ ಯಾವ ಮಗುವಿಗೂ ಬರೆದದ್ದಲ್ಲ. ನಮ್ಮ ಹುಡುಗಿಗೆ ಎಡಗಿವಿ ಮಂದ ಎಂದು ತಪಾಸಣೆಯಲ್ಲಿ ಗೊತ್ತಾಯಿತು ಎಂದುಕೊಳ್ಳೋಣ. ಆಗ ಯೋಜನೆಯ ಸಾಲುಗಳು ಹೀಗಿರಬೇಕು: ಬಲಗಿವಿ ಶಿಕ್ಷಕರ ಕಡೆ ಇರುವಂತೆ ಮುಂದಿನ ಸಾಲಿನ ಎಡತುದಿಯಲ್ಲಿ ಕೂರಿಸುವುದು; ಹಲಗೆಗೆ ಮುಖ ಮಾಡಿಕೊಂಡು ಸೂಚನೆ ಕೊಡದಿರುವುದು; ಪ್ರತಿ ಸೂಚನೆಯನ್ನೂ ಅವಳ ಪಕ್ಕದ ಗೆಳತಿ ಲಂಬಾಣಿಯಲ್ಲಿ ಒಮ್ಮೆ ಹೇಳುವುದು; ದೀಪಾವಳಿಯ ಹೊತ್ತಿಗೆ ತರಗತಿಯ ಹತ್ತು ವಸ್ತುಗಳ ಹೆಸರನ್ನು ಕನ್ನಡದಲ್ಲಿ ಕೇಳಿ ಎತ್ತಿ ತೋರಿಸುವುದು, ಹತ್ತರಲ್ಲಿ ಎಂಟು ಸರಿಯಾದರೆ ಮುಂದಿನ ಮೆಟ್ಟಿಲು. ಇದರಲ್ಲಿ ಹಣ ಖರ್ಚಾಗುವ ಒಂದು ಸಾಲೂ ಇಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ಖರ್ಚಿಗೆ ಅವಕಾಶವಿದೆ, ಹೆಣ್ಣುಮಕ್ಕಳಿಗೆ ಹತ್ತು ತಿಂಗಳು ತಲಾ 200 ರೂಪಾಯಿ ಶಿಷ್ಯವೇತನವೂ ಇದೆ. ಅದು ಬರಲಿ, ಬರುವವರೆಗೆ ಕೂರುವ ಜಾಗ ಬದಲಿಸಲು ಯಾರ ಮಂಜೂರಾತಿಯೂ ಬೇಕಿಲ್ಲ.

ಗುಳೆ ಹೋಗುವ ಮಗುವಿನ ಯೋಜನೆಯಲ್ಲಿ ಇನ್ನೊಂದು ಸಾಲು ಸೇರಬೇಕು: ಮಗು ಊರು ಬಿಡುವಾಗ ಯೋಜನೆಯ ಪ್ರತಿ ತಾಯಿಯ ಕೈಗೆ. ಬೇರೆ ಊರಿನಲ್ಲಿ ಶಾಲೆಗೆ ಸೇರಿದರೆ ಅಲ್ಲಿನವರು ಮತ್ತೆ ಸೊನ್ನೆಯಿಂದ ಶುರು ಮಾಡುವುದು ತಪ್ಪುತ್ತದೆ. ಗಡಿಯಾಚೆ ಹೋಗುವವರಿಗೆ ಅದರ ಅರ್ಧ ಪುಟದ ಮರಾಠಿ ಸಾರಾಂಶವೂ ಇದ್ದರೆ ಒಳಿತು.

ಬಿ.ಇಡಿ.ಯ ಇಂಟರ್ನ್‌ಶಿಪ್ ಒಟ್ಟು 20 ವಾರ. ಅಷ್ಟು ಸಮಯದಲ್ಲಿ ಒಬ್ಬ ಪ್ರಶಿಕ್ಷಣಾರ್ಥಿ ಒಂದು ಮಗುವಿನ ಒಂದು ಕಡತವನ್ನು ಶುರುವಿನಿಂದ ಮೊದಲ ಪರಿಶೀಲನೆಯವರೆಗೆ ಒಯ್ಯಬಹುದು. ಪಾಲಕರ ಒಪ್ಪಿಗೆ ಪತ್ರ ಮೊದಲ ಹಾಳೆಯಾಗಿರಬೇಕು. ಮಗುವಿನ ಫೋಟೊ ವಾಟ್ಸ್ಆ್ಯಪ್ ಗುಂಪಿಗೆ ಹೋಗಬಾರದು. (ಗಾಲಿಕುರ್ಚಿ ವಿತರಣೆಯ ಶಿಬಿರಗಳಲ್ಲಿ ಕುರ್ಚಿಗಿಂತ ಮೊದಲು ಕ್ಯಾಮೆರಾ ಬರುತ್ತದೆ, ಆ ರೂಢಿಯನ್ನು ಹೊಸಬರು ಕಲಿಯದಿರಲಿ.) ಕಡತಕ್ಕೆ ಅಂಕ ಕೊಡುವಾಗ ಮಗು ಎಷ್ಟು ಕಲಿಯಿತು ಎಂದು ನೋಡುವುದಕ್ಕಿಂತ, ಎರಡನೆಯ ವಾರದ ಟಿಪ್ಪಣಿ ಆರನೆಯ ವಾರದ ಯೋಜನೆಯನ್ನು ಬದಲಿಸಿತೇ ಎಂದು ನೋಡುವುದು ನ್ಯಾಯ. ಶಾಲೆಗೆ ಬರಲಾಗದ ತೀವ್ರ ವೈಕಲ್ಯದ ಮಗುವಿದ್ದರೆ ಗೃಹಾಧಾರಿತ ಶಿಕ್ಷಣಕ್ಕೆ ಬಿ.ಐ.ಇ.ಆರ್.ಟಿ. ಹೋಗುವ ದಿನ ಜತೆಗೆ ಹೋಗಬೇಕು. ಅಲ್ಲಿ ಪಾಠವೆಂದರೆ ಕೆಲವೊಮ್ಮೆ ಚಮಚ ಹಿಡಿಯುವುದು, ಹೌದು-ಇಲ್ಲ ಎಂಬುದಕ್ಕೆ ಕಣ್ಣು ಮಿಟುಕಿಸುವುದು. ಬಿ.ಇಡಿ.ಯ ಪಾಠಯೋಜನೆಯ ನಮೂನೆ ಅಲ್ಲಿ ಕೆಲಸಕ್ಕೆ ಬಾರದೆಂದು ತಿಳಿಯುವುದೇ ದೊಡ್ಡ ತರಬೇತಿ.

ಕೈಯಾರೆ ಮಾಡಿ ಕಲಿಯುವ ಸಣ್ಣ ಸಂಗತಿಗಳೂ ಇವೆ. ಬ್ರೈಲ್ ಸ್ಲೇಟು, ಸ್ಟೈಲಸ್ ಕೊಟ್ಟು ‘ಅಕ್ಕ’ ಎಂದು ಬರೆಯಲು ಹೇಳಿದರೆ ಸಾಕು. ಭಾರತಿ ಬ್ರೈಲ್‌ನಲ್ಲಿ ‘ಅ’ಕ್ಕೆ ಒಂದನೇ ಚುಕ್ಕಿ, ‘ಕ’ಕ್ಕೆ ಒಂದು ಮತ್ತು ಮೂರು. ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ. ನಾಲ್ಕನೇ ಚುಕ್ಕಿ ಮೊದಲು ಬಂದು, ಆಮೇಲೆ ಎರಡು ‘ಕ’ ಅಕ್ಕಪಕ್ಕ ನಿಲ್ಲುತ್ತವೆ. ಬರೆಯುವುದು ಬಲದಿಂದ ಎಡಕ್ಕೆ, ಓದುವುದು ಹಾಳೆ ತಿರುಗಿಸಿ ಎಡದಿಂದ ಬಲಕ್ಕೆ. ನಾಲ್ಕು ಕೋಶದ ಒಂದು ಪದ ಬರೆಯಲು ಪದವೀಧರನೊಬ್ಬ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆಂದು ನೋಡಿದ ಮೇಲೆ, ಅಂಧ ಮಗುವಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಯಾಕೆ ಎಂದು ಯಾರೂ ಕೇಳುವುದಿಲ್ಲ.

ಹೆಚ್ಚು ಸಮಯದ ಮಾತು ಬಂದದ್ದರಿಂದ ಪರೀಕ್ಷೆಗೇ ಬರೋಣ, ಏಕೆಂದರೆ ಇಡೀ ಪ್ರಕ್ರಿಯೆ ಅಲ್ಲಿಗೆ ತಲುಪುವ ಹೊತ್ತಿಗೆ ತಡವಾಗಿರುತ್ತದೆ. ಕೇಂದ್ರ ಸರ್ಕಾರದ 2018ರ ಆಗಸ್ಟ್‌ನ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ, ಬೇಕಾದವರಿಗೆ ಬರೆಯುವ ಸಹಾಯಕರು ಎಂದು ಹೇಳಿತು. ಎಸ್.ಎಸ್.ಎಲ್.ಸಿ.ಯಲ್ಲೂ ಇಂಥ ಮಕ್ಕಳಿಗೆ ರಿಯಾಯಿತಿಗಳಿವೆ. ಅವುಗಳಿಗೆ ಬೇಕಾದದ್ದು ಪ್ರಮಾಣಪತ್ರ. ಪ್ರಮಾಣಪತ್ರದ ಓಡಾಟ ಹತ್ತನೇ ತರಗತಿಯಲ್ಲಿ ನೆನಪಾದರೆ ಮುಗಿಯುವುದಿಲ್ಲ. ಎಂಟನೇ ತರಗತಿಗೆ ಕಾಲಿಟ್ಟ ತಿಂಗಳೇ ಕಡತ ತೆರೆಯಬೇಕು. ಇದನ್ನು ಪ್ರೌಢಶಾಲೆಗೆ ಹೋಗಲಿರುವ ಪ್ರತಿ ಪ್ರಶಿಕ್ಷಣಾರ್ಥಿಗೂ ದಿನಾಂಕ ಸಮೇತ ಕಲಿಸಬೇಕು.

ಅಭ್ಯರ್ಥಿಯೇ ಕರೆತರುವ ಬರೆಯುವ ಸಹಾಯಕರ ವಿದ್ಯಾರ್ಹತೆ ಅಭ್ಯರ್ಥಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕೆಂಬುದು 2018ರ ಆ ಮಾರ್ಗಸೂಚಿಯ ನಿಯಮವಾಗಿತ್ತು. ಅಂದರೆ ಹತ್ತನೇ ತರಗತಿಯ ಮಗು ಹೇಳಿದ್ದನ್ನು ಬರೆಯುವುದು ಒಂಬತ್ತರ ಮಗು. ಗಣಿತದ ಪತ್ರಿಕೆಯಲ್ಲಿ ಒಬ್ಬ “ಎ ಪ್ಲಸ್ ಬಿ ಸ್ಕ್ವೇರ್” ಎಂದರೆ ಇನ್ನೊಬ್ಬ ಬಿ ಒಂದಕ್ಕೇ ವರ್ಗ ಹಾಕುತ್ತಾನೆ. ಹೇಳಿದವನ ಮನಸ್ಸಿನಲ್ಲಿದ್ದದ್ದು “ಎ ಪ್ಲಸ್ ಬಿ ಹೋಲ್ ಸ್ಕ್ವೇರ್”. ಭಿನ್ನರಾಶಿಯಲ್ಲಿ ಗೆರೆ ಎಲ್ಲಿಂದ ಎಲ್ಲಿಗೆ, ರೇಖಾಗಣಿತದಲ್ಲಿ ಯಾವ ಬಿಂದುವಿಗೆ ಯಾವ ಹೆಸರು, ಕನ್ನಡ ಪತ್ರಿಕೆಯಲ್ಲಿ ಅಲ್ಪಪ್ರಾಣವೋ ಮಹಾಪ್ರಾಣವೋ ಎಲ್ಲವನ್ನೂ ಬಾಯಲ್ಲಿ ಹೇಳಿ ಬರೆಸಬೇಕು. ಆ ಜೋಡಿ ಪರೀಕ್ಷೆಯ ಬೆಳಿಗ್ಗೆ ಮೊದಲ ಬಾರಿಗೆ ಮುಖ ನೋಡಿದರೆ ಹೆಚ್ಚುವರಿ ಸಮಯವೆಲ್ಲ ಈ ಗೊಂದಲಕ್ಕೇ ಹೋಗುತ್ತದೆ. ಇಂಟರ್ನ್‌ಶಿಪ್‌ನ ಕೊನೆಯ ತಿಂಗಳು ಪ್ರಶಿಕ್ಷಣಾರ್ಥಿಗಳೇ ವಾರಕ್ಕೊಂದು ಸಂಜೆ ಹೀಗೆ ಬರೆದುಕೊಡಲು ಕೂರಬೇಕು. ಮಗುವಿಗೆ ಹೇಳುವ ರೂಢಿಯಾಗುತ್ತದೆ, ಬರೆಯುವವರಿಗೆ ಪ್ರತಿ ಪ್ರಶ್ನೆಗೆ ಎಲ್ಲಿ ತಡವಾಯಿತೆಂದು ಗುರುತು ಹಾಕಿಕೊಳ್ಳಲು ಬರುತ್ತದೆ. ಆ ಗುರುತುಗಳ ಹಾಳೆಯನ್ನು ಜೂನ್‌ನಲ್ಲಿ ಒಂಬತ್ತನೇ ತರಗತಿಯ ಸಹಾಯಕನಿಗೂ, ವಿಷಯ ಶಿಕ್ಷಕರಿಗೂ, ಬಿ.ಆರ್.ಸಿ.ಗೂ ಒಂದೊಂದು ಪ್ರತಿ ಕೊಡಬೇಕು.